ಹಲ್ಲಿಗೆ ಹೊರಟವರಿಗೊಂದು ಕೋರ್ಸ್: ಎಐ ಜೊತೆ ಕೂತು ಮಾತುಗನ್ನಡದ ಪಾಠ ಮಾಡುವುದು ಹೇಗೆ

ಶನಿವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ಕನ್ನಡ ಕ್ಲಾಸ್ ನಡೆಸುತ್ತೇನೆ. ಬರುವವರೆಲ್ಲ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು. ಮನೆಮಾತು ಹಿಂದಿ, ತಮಿಳು, ಮಲಯಾಳಂ, ಬಂಗಾಳಿ, ಹೀಗೆ ಒಬ್ಬೊಬ್ಬರದು ಒಂದೊಂದು. ಅವರಲ್ಲಿ ಕೆಲವರು ಮನೆ ಬದಲಾಯಿಸಿ ಊರಿನ ಇನ್ನೊಂದು ಮೂಲೆಗೆ ಹೋದ ಮೇಲೆ "ಆನ್‌ಲೈನಲ್ಲಿ ಹಾಕಿ, ನಾವು ಮುಂದುವರಿಸ್ತೀವಿ" ಎಂದು ಬೆನ್ನು ಹತ್ತಿದರು. ಸರಿ, ಎಐ ಇದೆಯಲ್ಲ, ಒಂದು ವಾರದಲ್ಲಿ ಮುಗಿಸೋಣ ಅಂದುಕೊಂಡೆ. ಮೂರು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ತಿಂಗಳು ಪೂರ್ತಿ ದಂಡ. ನಿಮ್ಮ ತಿಂಗಳಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ವಿಷಯ ಬ್ಲೌಸ್ ಕಟಿಂಗ್ ಇರಬಹುದು, ಟ್ಯಾಲಿ ಇರಬಹುದು, ವೀಣೆ ಇರಬಹುದು. ಉದಾಹರಣೆ ಬೇರೆಯಾಗುತ್ತದೆ, ಕೆಲಸದ ದಾರಿ ಹೆಚ್ಚುಕಡಿಮೆ ಇದೇ.

ನನ್ನ ಮೊದಲ ತಪ್ಪು ಏನು ಗೊತ್ತಾ? "ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ಕನ್ನಡ ಕೋರ್ಸ್ ಮಾಡಿಕೊಡು" ಎಂದು ಒಂದೇ ಸಾಲು ಟೈಪ್ ಮಾಡಿದ್ದು. ಅರ್ಧ ನಿಮಿಷದಲ್ಲಿ 12 ಪಾಠಗಳ ಪಟ್ಟಿ ಬಂತು. ನೋಡಲು ಲಕ್ಷಣವಾಗಿತ್ತು. ಮೊದಲ ಪಾಠ ಕನ್ನಡ ಭಾಷೆಯ ಇತಿಹಾಸ ಮತ್ತು ಮಹತ್ವ. ಎರಡನೆಯದು ವರ್ಣಮಾಲೆ, 49 ಅಕ್ಷರವೂ ಸಾಲಾಗಿ. ಆಟೋ ಹತ್ತುವ ಪಾಠ ಬಂದದ್ದು ಒಂಬತ್ತನೆಯದಾಗಿ. ಅಲ್ಲಿಯವರೆಗೆ ಆ ಮನುಷ್ಯ ಏನು ನಡೆದುಕೊಂಡೇ ಓಡಾಡಬೇಕೇ? ಕೊನೆಗೆ ಆ ಪಾಠದಲ್ಲಾದರೂ ಏನಿದೆ ಎಂದು ನೋಡಿದರೆ, "ದಯವಿಟ್ಟು ನನ್ನನ್ನು ಮೆಜೆಸ್ಟಿಕ್‌ಗೆ ಕರೆದುಕೊಂಡು ಹೋಗುವಿರಾ?" ಹೀಗೆ ಕೇಳಿದರೆ ಆಟೋದವರು ಯಾವ ನಾಟಕ ಕಂಪನಿ ಸಾರ್ ಅಂತಾರೆ. ಊರಲ್ಲಿ ಇರುವ ಮಾತು ಎರಡೇ ಪದ: "ಮೆಜೆಸ್ಟಿಕ್ ಬರ್ತೀರಾ?"

ಎಐಗೆ ಕನ್ನಡ ಬರುವುದಿಲ್ಲ ಎಂದು ಹೇಳುತ್ತಿಲ್ಲ. ಅದಕ್ಕೆ ನನ್ನ ಕ್ಲಾಸ್ ಗೊತ್ತಿಲ್ಲ, ಅಷ್ಟೇ. ಯಾರು ಎಲ್ಲಿ ಎಡವುತ್ತಾರೆ, ಯಾವ ಮಾತಿಗೆ ನಗುತ್ತಾರೆ, ಯಾವುದನ್ನು ನಾಲ್ಕು ಸಲ ಹೇಳಿದರೂ ಮರೆಯುತ್ತಾರೆ, ಇದೆಲ್ಲ ಇರುವುದು ನನ್ನ ತಲೆಯಲ್ಲಿ. ಅದನ್ನು ಹೊರಗೆ ತೆಗೆದು ಎಐಗೆ ಉಣಿಸುವುದೇ ಮುಖ್ಯ ಕೆಲಸ.

ಎಐ ತೆರೆಯುವ ಮೊದಲು ರೆಕಾರ್ಡರ್ ತೆರೆಯಿರಿ

ನಿಮ್ಮ ವಿಷಯ ಕಲಿಯಬೇಕು ಎನ್ನುವ ಒಬ್ಬರನ್ನು ಹಿಡಿಯಿರಿ. ಪಕ್ಕದ ಮನೆಯವರು, ಆಫೀಸಿನವರು, ಯಾರಾದರೂ ಸರಿ. ಒಂದು ಗಂಟೆ ಎದುರು ಕೂರಿಸಿಕೊಂಡು ಪಾಠ ಮಾಡಿ, ಅವರನ್ನು ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸ್ಲೈಡ್ ಬೇಡ, ತಯಾರಿಯೂ ಜಾಸ್ತಿ ಬೇಡ. ಇಂಥ ಎರಡು ಮೂರು ಗಂಟೆಯ ರೆಕಾರ್ಡಿಂಗ್ ಇದ್ದರೆ ಕೋರ್ಸಿನ ಅರ್ಧ ಸಾಮಾನು ಬಂದ ಹಾಗೆ.

ಆಮೇಲೆ ಅದನ್ನು ಬರಹಕ್ಕೆ ಇಳಿಸಬೇಕು. ಗೂಗಲ್‌ನ ಎಐ ಆದ ಜೆಮಿನಿಗೆ ಆಡಿಯೋ ಫೈಲನ್ನೇ ಕೊಡಬಹುದು. ಇಲ್ಲವಾದರೆ ರೆಕಾರ್ಡಿಂಗ್ ಕೇಳುತ್ತಾ ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್‌ನಲ್ಲಿ ಕನ್ನಡ ಆರಿಸಿಕೊಂಡು ನೀವೇ ಮತ್ತೆ ಹೇಳಿ ಬರೆಸಬಹುದು. ಕನ್ನಡ, ಹಿಂದಿ, ಇಂಗ್ಲಿಷ್ ಕಲಸಿದ ಮಾತು ಸರಿಯಾಗಿ ಇಳಿಯುವುದಿಲ್ಲ, ಅಲ್ಲಲ್ಲಿ ಚಿತ್ರಾನ್ನ ಆಗುತ್ತದೆ. ಅದರಲ್ಲೂ ಕಲಿಯುವವರು ತಪ್ಪು ಹೇಳಿದ್ದನ್ನು ಯಂತ್ರ ತಾನೇ ತಿದ್ದಿ ಬರೆದುಬಿಡುತ್ತದೆ. ನಮಗೆ ಬೇಕಾಗಿರುವುದೇ ಆ ತಪ್ಪು! ಹಾಗಾಗಿ ಒಮ್ಮೆ ಕೂತು ಕೇಳಿ, ತಪ್ಪುಗಳನ್ನು ವಾಪಸ್ ಹಾಕಿ.

ಇಷ್ಟಾದ ಮೇಲೆ ಎಐಗೆ ನಾನು ಕೊಡುವ ಮೊದಲ ಕೆಲಸ ಇದು:

"ಕೆಳಗೆ ನನ್ನ ಎರಡು ಕ್ಲಾಸಿನ ಮಾತುಕತೆ ಇದೆ. ಇದರಲ್ಲಿ ಇಲ್ಲದ್ದನ್ನು ಸೇರಿಸಬೇಡ. ಕಲಿಯುವವರು ಕೇಳಿದ ಪ್ರಶ್ನೆಗಳನ್ನು ಒಂದು ಕಡೆ ಬರೆ, ಮಾಡಿದ ತಪ್ಪುಗಳನ್ನು ಇನ್ನೊಂದು ಕಡೆ. ಒಂದೇ ಜಾತಿಯ ತಪ್ಪುಗಳನ್ನು ಒಟ್ಟಿಗೆ ಇಡು. ಪ್ರತಿಯೊಂದರ ಮುಂದೆ ಅವರು ಆಡಿದ ಮಾತನ್ನು ಹಾಗೇ ಹಾಕು, ತಿದ್ದಬೇಡ."

ಈ ಕೆಲಸಕ್ಕೆ ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಕೂಡ ಚೆನ್ನಾಗಿದೆ. ನೀವು ಹಾಕಿದ ಫೈಲುಗಳನ್ನು ಮುಂದಿಟ್ಟುಕೊಂಡು ಉತ್ತರ ಕೊಡುತ್ತದೆ, ಯಾವ ಸಾಲಿನಿಂದ ತೆಗೆದದ್ದು ಎಂದೂ ತೋರಿಸುತ್ತದೆ. ನನ್ನ ಪಟ್ಟಿಯಲ್ಲಿ ಮೇಲೆ ಬಂದದ್ದು "ನಾನು ಬೇಕು ನೀರು" ಎಂಬ ಜಾತಿಯ ಮಾತು. ಎರಡನೆಯದು "ನಾನು ನಾಳೆ ಹಲ್ಲಿಗೆ ಹೋಗ್ತೀನಿ". ಪಾಪ, ಅವರು ಹೊರಟದ್ದು ಹಳ್ಳಿಗೆ.

ಪಾಠದ ಪಟ್ಟಿ: ವಿಷಯದಿಂದಲ್ಲ, ಕೆಲಸದಿಂದ

ಒಂದು ಹಾಳೆ ತೆಗೆದುಕೊಂಡು, ಕೋರ್ಸ್ ಮುಗಿಸಿದವರು ಏನು ಮಾಡಬಲ್ಲರು ಎಂದು ಬರೆಯಿರಿ. "ವಿಭಕ್ತಿ ಪ್ರತ್ಯಯ ತಿಳಿಯುತ್ತದೆ" ಎಂದಲ್ಲ. "ತರಕಾರಿಯವರ ಹತ್ತಿರ ಕಾಲು ಕೆಜಿ ಬೀನ್ಸ್, ಒಂದು ಕಟ್ಟು ಕೊತ್ತಂಬರಿ ಕೇಳಿ, ಚಿಲ್ಲರೆ ವಾಪಸ್ ತಗೊಂಡು ಬರಬಲ್ಲರು" ಎಂದು. "ಮನೆ ಕೆಲಸದವರಿಗೆ ನಾಳೆ ಬರಬೇಡಿ, ನಾಳಿದ್ದು ಬನ್ನಿ ಎಂದು ಫೋನಲ್ಲಿ ಹೇಳಬಲ್ಲರು" ಎಂದು. ನನಗೆ ಇಂಥ 14 ಕೆಲಸ ಸಿಕ್ಕವು. ಮನೆ ಓನರ್ ಜೊತೆ ನೀರಿನ ಮಾತು, ಕ್ಲಿನಿಕ್ಕಿನ ಟೋಕನ್, ಗ್ಯಾಸ್ ಸಿಲಿಂಡರ್ ತರುವವರು, ಲಿಫ್ಟಿನಲ್ಲಿ ಸಿಗುವ ಅಜ್ಜಿ, ಎಲ್ಲ ಸೇರಿ.

ಈ ಪಟ್ಟಿಯನ್ನೂ ತಪ್ಪುಗಳ ಪಟ್ಟಿಯನ್ನೂ ಒಟ್ಟಿಗೆ ಎಐ ಮುಂದೆ ಇಟ್ಟು, "ಪ್ರತಿ ಕೆಲಸಕ್ಕೆ ಯಾವ ವ್ಯಾಕರಣದ ತುಂಡು ಬೇಕೇ ಬೇಕು? ಎರಡು ಕೆಲಸಕ್ಕೆ ಒಂದೇ ತುಂಡು ಬೇಕಾದರೆ ಮೊದಲು ಯಾವ ಪಾಠದಲ್ಲಿ ಹೇಳಲಿ?" ಎಂದು ಕೇಳಿ. ಇಲ್ಲಿ ಎಐ ನಿಜವಾಗಿ ಜಾಣ. ನಾನು ವಾರಗಟ್ಟಲೆ ತಲೆ ಕೆರೆದುಕೊಂಡಿದ್ದ ಜೋಡಣೆಯನ್ನು ಎರಡು ನಿಮಿಷದಲ್ಲಿ ಮಾಡಿಕೊಟ್ಟಿತು. ಬೇಕು, ಬೇಡ, ಸಾಕು, ಗೊತ್ತು, ಗೊತ್ತಿಲ್ಲ, ಈ ಐದು ಪದ ಮೊದಲ ಪಾಠದಲ್ಲೇ ಬಂದರೆ ಮುಂದಿನ ಆರು ಪಾಠ ಹಗುರವಾಗುತ್ತವೆ ಎಂದು ತೋರಿಸಿಕೊಟ್ಟಿತು. ಲಿಪಿಯನ್ನು ನಾನು ಕೊನೆಗೆ ತಳ್ಳಿದೆ, ಅದೂ ಬೇಕಾದವರಿಗೆ ಮಾತ್ರ. ಲಿಪಿ ಮೊದಲು ಬರಬೇಕು ಎನ್ನುವವರಿದ್ದಾರೆ, ನಾನು ಅವರ ಜೊತೆ ಜಗಳಕ್ಕೆ ಹೋಗುವುದಿಲ್ಲ. ಮೂರನೇ ವಾರಕ್ಕೆ ಕ್ಲಾಸ್ ಖಾಲಿಯಾದದ್ದನ್ನು ಒಮ್ಮೆ ನೋಡಿದ್ದೇನೆ, ಅಷ್ಟೇ.

ಪುಸ್ತಕದ ಕನ್ನಡವನ್ನು ಬೀದಿಗೆ ಇಳಿಸುವುದು

ಜಾಸ್ತಿ ಹೊತ್ತು ತಿಂದದ್ದು ಇದೇ. "ಮಾತುಗನ್ನಡದಲ್ಲಿ ಬರೆ" ಎಂದು ಹೇಳಿದರೆ ಸಾಲದು. ಎರಡು ಸಾಲು ಮಾತುಗನ್ನಡ ಬರುತ್ತದೆ, ಮೂರನೆಯದಕ್ಕೆ "ಹೋಗುತ್ತಿದ್ದೇನೆ" ಶುರು. ಇನ್ನೊಮ್ಮೆ ಗದರಿದರೆ ಒಂದೇ ಸಂಭಾಷಣೆಯಲ್ಲಿ ಧಾರವಾಡದ "ಹೊಂಟೀನಿ", ಮೈಸೂರಿನ "ಹೋಗ್ತೀನಿ" ಎರಡೂ ಬಂದು, ಮಾತಾಡುವವರು ಒಂದೇ ಊರಿನವರೋ ಅಲ್ಲವೋ ತಿಳಿಯುವುದಿಲ್ಲ. ಇಂಗ್ಲಿಷಿನ ನೆರಳಂತೂ ಎಲ್ಲೆಲ್ಲೂ. ಹೋಟೆಲಿನ ಪಾಠಕ್ಕೆ "ನಾನು ಒಂದು ಕಾಫಿ ಪಡೆಯಬಹುದೇ?" ಎಂದು ಬರೆದುಕೊಟ್ಟಿತ್ತು. ದರ್ಶಿನಿಯ ಕೌಂಟರಿನಲ್ಲಿ ಹೀಗೆ ಕೇಳುವಷ್ಟರಲ್ಲಿ ಹಿಂದಿನವರು ಟೋಕನ್ ತಗೊಂಡು ಕುಡಿದೂ ಆಗಿರುತ್ತದೆ. "ಒಂದು ಕಾಫಿ", ಬೇಕಾದರೆ "ಒಂದು ಬೈಟೂ ಕಾಫಿ". ಮುಗಿಯಿತು.

ಇದಕ್ಕೆ ನಾನು ಕಂಡುಕೊಂಡ ಉಪಾಯ ನಿಯಮ ಹೇಳುವುದಲ್ಲ, ಮಾದರಿ ಕೊಡುವುದು. ನನ್ನ ರೆಕಾರ್ಡಿಂಗ್‌ನಿಂದ ನಾನೇ ಆಡಿದ 40 ವಾಕ್ಯ ಎತ್ತಿ ಒಂದು ಫೈಲ್ ಮಾಡಿದೆ. ಜೊತೆಗೆ ಒಂದು ಸಣ್ಣ ಪಟ್ಟಿ: ಹೋಗುತ್ತೇನೆ ಅಲ್ಲ ಹೋಗ್ತೀನಿ, ನನಗೆ ಅಲ್ಲ ನಂಗೆ, ಎಲ್ಲಿದ್ದೀರಿ ಅಲ್ಲ ಎಲ್ಲಿದ್ದೀರಾ, ಎಡಕ್ಕೆ ತಿರುಗಿ ಅಲ್ಲ ಲೆಫ್ಟ್ ತಗೊಳ್ಳಿ, ಧನ್ಯವಾದ ಅಲ್ಲ ಥ್ಯಾಂಕ್ಸ್. ಪ್ರತಿ ಹೊಸ ಚಾಟ್ ಶುರು ಮಾಡುವಾಗ ಇದನ್ನು ಮೊದಲು ಅಂಟಿಸಿ, "ಈ ಮಾತಿನ ಧಾಟಿಯಲ್ಲೇ ಬರೆ, ಇದರಲ್ಲಿ ಇಲ್ಲದ ರೂಪ ಬೇಕಾದರೆ ನನ್ನನ್ನು ಕೇಳು" ಎನ್ನುತ್ತೇನೆ. ಅಲ್ಲಿಂದ ಮುಂದೆ ಮುಕ್ಕಾಲು ಪಾಲು ಸರಿ ಬರತೊಡಗಿತು. ಚಾಟ್‌ಜಿಪಿಟಿಯಲ್ಲಿ ಪ್ರಾಜೆಕ್ಟ್ಸ್, ಕ್ಲಾಡ್ ಎಂಬ ಎಐಯಲ್ಲೂ ಪ್ರಾಜೆಕ್ಟ್ಸ್ ಎಂಬ ಜಾಗ ಇದೆ. ಅಲ್ಲಿ ಫೈಲ್ ಇಟ್ಟುಬಿಟ್ಟರೆ ಪ್ರತಿ ಸಲ ಅಂಟಿಸುವ ಗೋಳಿಲ್ಲ.

ಒಂದು ಸಣ್ಣ ವಿಷಯ. ಎಐ ನಮ್ಮ ಬರಹವನ್ನು ಟೋಕನ್ ಎಂಬ ಚೂರುಗಳಾಗಿ ಒಡೆದು ಓದುತ್ತದೆ. ಅದೇ ಮಾತು ಇಂಗ್ಲಿಷಿನಲ್ಲಿರುವುದಕ್ಕಿಂತ ಕನ್ನಡದಲ್ಲಿದ್ದರೆ ಚೂರುಗಳು ಜಾಸ್ತಿ ಆಗುತ್ತವೆ. ಹಾಗಾಗಿ ಕೆಲವು ಎಐಗಳಲ್ಲಿ ಉಚಿತ ಖಾತೆಯ ಮಿತಿ ಬೇಗ ಮುಟ್ಟುತ್ತದೆ, ಉದ್ದದ ಚಾಟಿನಲ್ಲಿ ಮೊದಲು ಹೇಳಿದ್ದೂ ಬೇಗ ಮರೆತುಹೋಗುತ್ತದೆ. ಒಂದು ಪಾಠಕ್ಕೆ ಒಂದು ಚಾಟ್ ಇಟ್ಟುಕೊಳ್ಳಿ. ಸೂಚನೆಯನ್ನು ಇಂಗ್ಲಿಷಿನಲ್ಲಿ ಕೊಟ್ಟರೂ ನಡೆಯುತ್ತದೆ, ಉದಾಹರಣೆ ಮಾತ್ರ ಕನ್ನಡದಲ್ಲೇ ಇರಲಿ.

ಬರೆದುಕೊಟ್ಟದ್ದನ್ನು ಪರೀಕ್ಷೆ ಮಾಡುವುದು ಹೇಗೆ? ಗಟ್ಟಿಯಾಗಿ ಓದಿ. ನಾನು ನಮ್ಮ ಅಮ್ಮನಿಗೆ ಓದಿ ಹೇಳುತ್ತಿದ್ದೆ. ಅವರ ಮುಖ ಸೊಟ್ಟಗಾದ ಸಾಲನ್ನು ಹೊಡೆದು ಹಾಕುತ್ತಿದ್ದೆ. ಇದಕ್ಕಿಂತ ಒಳ್ಳೆಯ ತಂತ್ರಾಂಶ ಇನ್ನೂ ಬಂದಿಲ್ಲ.

ಒಂದೇ ಪಾಠ, ನಾಲ್ಕು ಮನೆಮಾತು

ಪುಸ್ತಕದಲ್ಲಿ ಆಗದ, ಎಐ ಇದ್ದರೆ ಸಲೀಸಾಗಿ ಆಗುವ ಕೆಲಸ ಇದು. ನನಗೆ ತುಂಬಾ ಖುಷಿ ಕೊಟ್ಟದ್ದೂ ಇದೇ. ಇಲ್ಲ, ಅಲ್ಲ, ಬೇಡ ಎಂಬ ಮೂರನ್ನೇ ತಗೊಳ್ಳಿ. "ನನ್ನ ಹತ್ರ ಗಾಡಿ ಇಲ್ಲ", "ಇದು ನನ್ನ ಗಾಡಿ ಅಲ್ಲ", "ನಂಗೆ ಗಾಡಿ ಬೇಡ". ಹಿಂದಿಯವರಿಗೆ ಮೂರಕ್ಕೂ ಒಂದೇ "ನಹೀಂ" ಬಾಯಿಗೆ ಬರುತ್ತದೆ, ಹಾಗಾಗಿ ಅವರಿಗೆ ಇದು ಬೆಟ್ಟ. ಮಲಯಾಳಿಗಳಿಗೆ ಇಲ್ಲ, ಅಲ್ಲ, ವೇಂಡ ಎಂದು ಮೂರೂ ಮನೆಯಲ್ಲೇ ಇವೆ. ಅವರಿಗೆ ಒಂದು ನಿಮಿಷದ ಮಾತು. "ನಂಗೆ ಬೇಕು" ಎಂಬುದು ಇಂಗ್ಲಿಷ್ ದಾರಿಯಲ್ಲಿ ಬಂದವರನ್ನು "ನಾನು ಬೇಕು" ಎಂದು ಬೀಳಿಸುತ್ತದೆ. ಆದರೆ "ಮುಝೆ ಚಾಹಿಯೇ ಥರಾನೇ" ಅಂದರೆ ಹಿಂದಿಯವರಿಗೆ ತಟ್ಟನೆ ಹೊಳೆಯುತ್ತದೆ. ತಮಿಳರಿಗೆ "ಎನಕ್ಕು ವೇಣುಂ" ಇದ್ದೇ ಇದೆ.

ಹಾಗಾಗಿ ಮೂಲ ಪಾಠ ಒಂದೇ ಇಟ್ಟುಕೊಂಡು, ವಿವರಣೆಯ ಪುಟವನ್ನು ಮಾತ್ರ ಹಿಂದಿ, ತಮಿಳು, ಮಲಯಾಳಂ, ಬಂಗಾಳಿಯವರಿಗೆ ಬೇರೆ ಬೇರೆ ಬರೆಸಿದೆ. "ಈ ಪಾಠವನ್ನು ಮಲಯಾಳಂ ಮನೆಮಾತಿನವರಿಗೆ ವಿವರಿಸು. ಅವರ ಭಾಷೆಯಲ್ಲಿ ಹೀಗೇ ಇದ್ದರೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸು. ಬೇರೆ ಇರುವಲ್ಲಿ ಮಾತ್ರ ನಿಲ್ಲು." ನೀವು ಟ್ಯಾಲಿ ಕಲಿಸುವವರಾದರೆ ಕಿರಾಣಿ ಅಂಗಡಿಯವರಿಗೊಂದು ಪುಟ, ಮೆಡಿಕಲ್ ಸ್ಟೋರಿನವರಿಗೊಂದು ಪುಟ ಹೀಗೇ ಮಾಡಬಹುದು.

ಆದರೆ ಹುಷಾರು. ಆಮೇಲೆ ತೆಲುಗಿನವರಿಗೂ ಒಂದು ಪುಟ ಬರೆಸಲು ಹೋದಾಗ ಎಐ ಒಂದು ಕಥೆ ಕಟ್ಟಿತು. ತೆಲುಗಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡು ಹೇಳುವ "ಮನಂ", ಅವರನ್ನು ಬಿಟ್ಟು ಹೇಳುವ "ಮೇಮು" ಎಂದು ಎರಡು ಇವೆ, ಅದು ನಿಜ. ಕನ್ನಡದಲ್ಲೂ ಹಾಗೇ "ನಾವೆಲ್ಲರೂ", "ನಾವು" ಎಂದು ಎರಡು ಸರ್ವನಾಮಗಳಿವೆ ಎಂದು ಗಂಭೀರವಾಗಿ ಬರೆದಿತ್ತು. ನಮಗೆ ಇರುವುದು ಒಂದೇ "ನಾವು", ಎರಡಕ್ಕೂ ಅದೇ. "ಊಟ ಆಯ್ತಾ?" ಎಂಬುದನ್ನು ಊಟಕ್ಕೆ ಕರೆಯುವ ಮಾತು ಎಂದೂ ವಿವರಿಸಿತ್ತು. ನಂಬಿಕೊಂಡು ಯಾರಾದರೂ ಲಿಫ್ಟಿನಲ್ಲಿ ಸಿಕ್ಕ ಅಜ್ಜಿಯ ಹಿಂದೆ ತಟ್ಟೆ ಹಿಡಿದು ಹೋಗಿದ್ದರೆ? ಗೊತ್ತಿರುವ ಭಾಷೆಯಲ್ಲಿ ಇಂಥದ್ದು ಕಣ್ಣಿಗೆ ಬೀಳುತ್ತದೆ. ಬಂಗಾಳಿ ನನಗೆ ಬರುವುದಿಲ್ಲ, ಆ ಪುಟವನ್ನು ಕ್ಲಾಸಿನ ಒಬ್ಬರಿಗೆ ತೋರಿಸಿಯೇ ಹಾಕಿದೆ.

ದನಿ ನಿಮ್ಮದೇ ಇರಲಿ

ಬರಹವನ್ನು ಓದುವ ಎಐ ದನಿಗಳು ಈಗ ಕನ್ನಡದಲ್ಲೂ ಚೆನ್ನಾಗಿವೆ, ಸುದ್ದಿ ಓದಿಸಲು ಸಾಕು. ಆದರೆ ಕಲಿಯುವವರು ನಕಲು ಮಾಡುವುದು ಆ ದನಿಯನ್ನೇ. ಹುಲಿಯೋ ಹುಳಿಯೋ, ಬೆಲೆಯೋ ಬೆಳೆಯೋ ಬೇಳೆಯೋ ಎಂಬುದು ಕಿವಿಗೆ ಖಚಿತವಾಗಿ ಬೀಳಬೇಕು. ಹಿಂದಿಯವರಿಗೆ ಎ, ಏ ಎರಡರ ವ್ಯತ್ಯಾಸವೇ ಹೊಸತು. ಹಾಗಾಗಿ ಕನ್ನಡದ ವಾಕ್ಯಗಳನ್ನೆಲ್ಲ ನಾನೇ ಓದಿದೆ. ದೊಡ್ಡ ಸ್ಟುಡಿಯೋ ಏನಿಲ್ಲ. ಫೋನು, ಇಯರ್‌ಫೋನಿನ ಮೈಕು, ಬಟ್ಟೆ ಬೀರುವಿನ ಬಾಗಿಲು ತೆಗೆದು ಅದರ ಎದುರು ಕೂತದ್ದು, ಫ್ಯಾನ್ ಬಂದ್. ಕತ್ತರಿಸಲು ಆಡಾಸಿಟಿ, ಪರದೆ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೋ, ಎರಡೂ ಉಚಿತ.

ವೀಡಿಯೋ ಎಷ್ಟು ಉದ್ದ ಇರಬೇಕು? 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸಿನ ತಾಣದ ನಾಲ್ಕು ಕೋರ್ಸುಗಳಲ್ಲಿ ಜನ ವೀಡಿಯೋ ನೋಡಿದ 69 ಲಕ್ಷ ಸಲದ ಲೆಕ್ಕ ತೆಗೆದು ನೋಡಿದ್ದರು. ಆರು ನಿಮಿಷ ದಾಟಿದರೆ ಜನ ಕೈಬಿಡುತ್ತಾರೆ ಎಂಬುದು ಅದರಲ್ಲಿ ಕಂಡದ್ದು. ನೀಟಾದ ಸ್ಟುಡಿಯೋ ವೀಡಿಯೋಕ್ಕಿಂತ ಎದುರಿಗೆ ಕೂತು ಮಾತಾಡಿದಂಥದ್ದೇ ಜನರನ್ನು ಹಿಡಿದಿಟ್ಟಿತ್ತು ಎಂಬುದೂ ಅದರಲ್ಲಿದೆ. ನನ್ನ ವೀಡಿಯೋಗಳು ನಾಲ್ಕು ನಿಮಿಷ. ನನ್ನ ಮೊದಲ ವೀಡಿಯೋ 22 ನಿಮಿಷ ಇತ್ತು, ನಮ್ಮ ಮನೆಯವರೂ ಪೂರ್ತಿ ನೋಡಲಿಲ್ಲ. ಉದ್ದದ ಬರಹವನ್ನು ಎಐಗೆ ಕೊಟ್ಟು "ಎಲ್ಲಿ ಎರಡು ತುಂಡು ಮಾಡಲಿ, ಯಾವ ಉದಾಹರಣೆ ಎರಡು ಸಲ ಬಂದಿದೆ" ಎಂದು ಕೇಳಿದರೆ ಚೆನ್ನಾಗಿ ಹೇಳುತ್ತದೆ.

ಚಿತ್ರಗಳ ಬಗ್ಗೆ ಒಂದೇ ಮಾತು. ಚಿತ್ರದೊಳಗೆ ಕನ್ನಡ ಅಕ್ಷರ ಬರೆಸಬೇಡಿ. ಒತ್ತಕ್ಷರ ಬಹಳ ಸಲ ಎಲ್ಲೆಲ್ಲೋ ಹಾರಿಹೋಗುತ್ತದೆ. ಚಿತ್ರ ಮಾತ್ರ ಮಾಡಿಸಿ, ಅಕ್ಷರವನ್ನು ಕ್ಯಾನ್ವಾದಲ್ಲೋ ಸ್ಲೈಡ್‌ನಲ್ಲೋ ನೀವೇ ಹಾಕಿ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಎರಡೂ ಉಚಿತ ಫಾಂಟುಗಳು.

ಪ್ರಶ್ನೆ, ಕಾರ್ಡು, ಸುಳ್ಳು ಆಟೋ

"ಹತ್ತು ಪ್ರಶ್ನೆ ಮಾಡಿಕೊಡು" ಎಂದರೆ ಎಐ ಮಾಡಿಕೊಡುತ್ತದೆ, ಆದರೆ ನಾಲ್ಕು ಆಯ್ಕೆಗಳಲ್ಲಿ ಉದ್ದವಾಗಿರುವುದೇ ಬಹಳ ಸಲ ಸರಿಯುತ್ತರ, ಉಳಿದವು ಮಗುವಿಗೂ ತಪ್ಪು ಎಂದು ಗೊತ್ತಾಗುವಂಥವು. ಮತ್ತೆ ಆ ತಪ್ಪುಗಳ ಪಟ್ಟಿಗೇ ಹೋಗಿ. "ತಪ್ಪು ಆಯ್ಕೆಗಳನ್ನು ಈ ಪಟ್ಟಿಯಿಂದಲೇ ತೆಗೆ, ನಾಲ್ಕೂ ಒಂದೇ ಉದ್ದ ಇರಲಿ." ಆಗ ನೋಡಿ, ಕಲಿಯುವವರು ನಿಂತು ಯೋಚಿಸುತ್ತಾರೆ. ಪ್ರಶ್ನೆಗಳನ್ನು ಹಾಕಲು ಗೂಗಲ್ ಫಾರ್ಮ್ಸ್ ಸಾಕು.

ಪದಗಳು ನೆನಪಿನಲ್ಲಿ ಉಳಿಯಲು ಆಂಕಿ ಎಂಬ ಕಾರ್ಡಿನ ಆ್ಯಪ್ ಇದೆ. ಕಂಪ್ಯೂಟರಿಗೂ ಆಂಡ್ರಾಯ್ಡಿಗೂ ಉಚಿತ, ಐಫೋನಿನಲ್ಲಿ ದುಡ್ಡು. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವುದೇ ಅದರ ಕೆಲಸ. ಎಐಗೆ ಎರಡು ಕಾಲಮ್ಮಿನ ಸಿಎಸ್‌ವಿ ಫೈಲ್ (ಸಾದಾ ಪಟ್ಟಿಯ ಫೈಲ್) ಮಾಡಲು ಹೇಳಿ, ಆಂಕಿಯೊಳಗೆ ಹಾಕಿದರೆ 200 ಕಾರ್ಡು ಹತ್ತು ನಿಮಿಷದಲ್ಲಿ ಸಿದ್ಧ. ಒಂಟಿ ಪದ ಬೇಡ, ಸಣ್ಣ ವಾಕ್ಯ ಹಾಕಿ.

ನಮ್ಮವರಿಗೆ ತುಂಬಾ ಹಿಡಿಸಿದ್ದು ಸುಳ್ಳು ಆಟೋ. ಫೋನಿನ ಎಐ ಆ್ಯಪ್‌ನಲ್ಲಿ ಮಾತಾಡುವ ಸೌಲಭ್ಯ ಇದೆಯಲ್ಲ, ಅದಕ್ಕೆ ಅಂಟಿಸಲು ಈ ಸಾಲುಗಳನ್ನು ಕೊಟ್ಟಿದ್ದೇನೆ:

"ನೀನು ಬೆಂಗಳೂರಿನ ಆಟೋ ಡ್ರೈವರ್. ನನಗೆ ಕನ್ನಡ ಈಗ ಕಲಿಯುತ್ತಿರುವವರಿಗೆ ಬರುವಷ್ಟೇ ಬರುತ್ತದೆ. ಒಂದು ಸಲಕ್ಕೆ ಒಂದೇ ಸಣ್ಣ ವಾಕ್ಯ ಮಾತಾಡು. ಮೀಟರ್ ಮೇಲೆ ಮೂವತ್ತು ಕೇಳು, ನಾನು ಚೌಕಾಸಿ ಮಾಡುತ್ತೇನೆ. ನಾನು ಇಂಗ್ಲಿಷಿಗೆ ಜಾರಿದರೆ ನೀನು ಕನ್ನಡದಲ್ಲೇ ಇರು. ಸುಮ್ನೆ ಹೊಗಳಬೇಡ. ಕೊನೆಯಲ್ಲಿ ನನ್ನ ಮೂರು ತಪ್ಪು ಮಾತ್ರ ಹೇಳು."

"ಹೊಗಳಬೇಡ" ಎಂಬುದನ್ನು ಬಿಡಬೇಡಿ. ಇಲ್ಲದಿದ್ದರೆ ಏನು ಹೇಳಿದರೂ ಅದ್ಭುತ ಎನ್ನುತ್ತದೆ. ಆದರೂ ಈ ಡ್ರೈವರ್ ತುಂಬಾ ಮರ್ಯಾದಸ್ಥ, ಬೇಗ ಒಪ್ಪಿಬಿಡುತ್ತಾನೆ. ನಿಜವಾದವರು ತಲೆಯನ್ನೂ ಅಲ್ಲಾಡಿಸದೆ ಮುಂದೆ ಹೋಗಿಬಿಡುತ್ತಾರೆ ಎಂದು ಮೊದಲೇ ಹೇಳಿಬಿಡಿ.

ಉಳಿದ ಚಿಲ್ಲರೆ ಕೆಲಸ

ಎಲ್ಲಿ ಹಾಕುವುದು ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ತಂಡಕ್ಕೆ ಯೂಟ್ಯೂಬಿನಲ್ಲಿ ಲಿಂಕ್ ಇದ್ದವರಿಗಷ್ಟೇ ಸಿಗುವ ಅನ್‌ಲಿಸ್ಟೆಡ್ ವೀಡಿಯೋ, ಗೂಗಲ್ ಕ್ಲಾಸ್‌ರೂಮ್, ಒಂದು ವಾಟ್ಸ್ಯಾಪ್ ಗುಂಪು ಸಾಕು. ಜನ ಜಾಸ್ತಿಯಾದ ಮೇಲೆ ಮೂಡಲ್ ಎಂಬ ಕೋರ್ಸ್ ನಡೆಸುವ ತಂತ್ರಾಂಶ ನೋಡಿ. ಅದು ಉಚಿತ, ಆದರೆ ಸರ್ವರ್ ಖರ್ಚು ನಿಮ್ಮದು.

ವಾಟ್ಸ್ಯಾಪಿನಲ್ಲಿ ಬರುವ ಕಲಿಯುವವರ ದನಿಯನ್ನು, ಹೆಸರನ್ನು ಹಾಗೇ ಎತ್ತಿ ಎಐಗೆ ಹಾಕಬೇಡಿ. ಮೊದಲು ಅವರನ್ನು ಕೇಳಿ, ಹೆಸರು ತೆಗೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯ ಮಾತನ್ನೇ ಹೇಳುತ್ತದೆ. ನಿಮ್ಮ ಚಾಟ್‌ಗಳು ಎಐಯ ತರಬೇತಿಗೆ ಹೋಗದಂತೆ ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿಕೊಳ್ಳಿ. ನಿಜದ ಹಾಗೆ ಕಾಣುವ ಎಐ ಮುಖವನ್ನೋ ದೃಶ್ಯವನ್ನೋ ಯೂಟ್ಯೂಬಿಗೆ ಹಾಕಿದರೆ, ಅಪ್‌ಲೋಡ್ ಮಾಡುವಾಗಲೇ ಅದನ್ನು ತಿಳಿಸಬೇಕು ಎಂಬ ನಿಯಮ 2024ರಿಂದ ಇದೆ. ಪಾಠ ಬರೆಯಲು ಎಐ ನೆರವು ಪಡೆದದ್ದಕ್ಕೆ ಅಲ್ಲಿ ಅದು ಬೇಕಿಲ್ಲ, ಆದರೂ ನಾನು ಮೊದಲ ಪುಟದಲ್ಲಿ ಒಂದು ಸಾಲು ಹಾಕಿದ್ದೇನೆ.

ಕೋರ್ಸನ್ನು ಜನರಿಗೆ ಬಿಡುವ ಮೊದಲು ಎರಡು ಪರೀಕ್ಷೆ ಮಾಡಿ. ಒಂದು, ಎಐಗೆ "ನೀನು ಪಟ್ನಾದಿಂದ ಬಂದು ಮೂರು ವಾರ ಆದವನು, ಈ ಪಾಠ ಓದಿ ಎಲ್ಲಿ ಅರ್ಥ ಆಗಲಿಲ್ಲ ಹೇಳು" ಎಂದು ಕೊಡಿ. ಹತ್ತರಲ್ಲಿ ನಾಲ್ಕು ಮಾತು ಕೆಲಸಕ್ಕೆ ಬರುತ್ತವೆ. ಎರಡು, ಒಬ್ಬ ನಿಜವಾದ ಮನುಷ್ಯರನ್ನು ಕೂರಿಸಿ, ಕೋರ್ಸ್ ತೆರೆದು ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಿ. ಈ ಬಾಯಿ ಮುಚ್ಚಿಕೊಂಡು ಕೂರುವುದು ಇಡೀ ಕೆಲಸದಲ್ಲೇ ಕಷ್ಟದ್ದು. ನನ್ನ ಎದುರು ಕೂತವರು ಮೂರನೇ ಪಾಠದಲ್ಲಿ ವೀಡಿಯೋ ನಿಲ್ಲಿಸಿ, "ಕೊಡು, ಕೊಡಿ ಎರಡೂ ಹೇಳ್ತಾ ಇದ್ದೀರಾ, ವಾಚ್‌ಮನ್‌ಗೆ ಯಾವುದು ಹೇಳಲಿ?" ಎಂದು ಕೇಳಿದರು. ಎಐ ಬರೆದ ಸಂಭಾಷಣೆಯಲ್ಲಿ ಓನರ್‌ಗೆ "ಕೊಡಿ", ವಾಚ್‌ಮನ್‌ಗೆ "ಕೊಡು" ಎಂದಿತ್ತು. ನಾನೇ ಎರಡು ಸಲ ಓದಿ ಪಾಸ್ ಮಾಡಿದ್ದೆ. ಅವತ್ತು ರಾತ್ರಿಯೇ ಕೂತು 14 ಪಾಠದಲ್ಲೂ ಇಂಥದ್ದನ್ನು ಹುಡುಕಿ ಎಲ್ಲರಿಗೂ "ಕೊಡಿ" ಮಾಡಿದೆ. ಆಮೇಲೆ ಮಾದರಿ ಫೈಲಿಗೂ ಅದೊಂದು ಸಾಲು ಸೇರಿಸಿದೆ.